ಹಕಾರವಿಲ್ಲದ ಹಾರ್ದಿಕ ಸ್ವಾಗತ

'ಹಾರ್ದಿಕ' ಎಂಬ ಪದದ ವಿಷಯದಲ್ಲಿ ಇಡೀ ಆರ್.ಟಿ. ನಗರದಲ್ಲಿ ನನ್ನನ್ನು ಮೀರಿಸಿದವರಿಲ್ಲ. ಜಂಬಕ್ಕೆ ಹೇಳುತ್ತಿಲ್ಲ. ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವುದೇ ನನ್ನ ಜೀವಮಾನದ ಉದ್ಯೋಗವಾಗಿತ್ತು. ನಿವೃತ್ತನಾದ ಮೇಲೆ ಅದನ್ನೇ ಸಂಬಳವಿಲ್ಲದೆ ಮುಂದುವರಿಸಿದ್ದೇನೆ. ಹೃದಯಕ್ಕೆ ಸಂಬಂಧಿಸಿದ್ದು ಹಾರ್ದಿಕ. ಎದೆಯಲ್ಲಿ ಉಕ್ಕಿದ ವಿಶ್ವಾಸ ಅಲ್ಲಿ ಹಿಡಿಸದೆ ಹೊರಗೆ ಚೆಲ್ಲಿದರೆ, ಆ ಚೆಲ್ಲಿದ್ದಕ್ಕೆ ಮಾತ್ರ ಈ ಹೆಸರು. ಎಲ್ಲೆಂದರಲ್ಲಿ ಚಟ್ನಿಪುಡಿಯ ಹಾಗೆ ಉದುರಿಸುವ ಪದ ಇದಲ್ಲ.

ಆದರೆ ನಮ್ಮ ಬಡಾವಣೆಯ ಕಂಬಗಳನ್ನು ಒಮ್ಮೆ ನೋಡಿ! ಪಾರ್ಕಿಗೆ ಹೊಸ ಬೆಂಚು ಬಂದರೆ ಹಾರ್ದಿಕ ಅಭಿನಂದನೆ. ಯಾರೂ ಕಂಡರಿಯದ ಮರಿ ಮುಖಂಡನ ಹುಟ್ಟುಹಬ್ಬಕ್ಕೆ ಹಾರ್ದಿಕ ಶುಭಾಶಯ. ಅದರ ಕೆಳಗೆ ಕಪ್ಪು ಕನ್ನಡಕ ಹಾಕಿಕೊಂಡ ತಲೆಗಳ ಸಾಲು. ಹೋದ ವರ್ಷ ನಮ್ಮ ರಸ್ತೆಯ ತಿರುವಿನ ಮನೆಯ ಹಿರಿಯರು ತೀರಿಕೊಂಡಾಗ 'ಹಾರ್ದಿಕ ಶ್ರದ್ಧಾಂಜಲಿ' ಎಂದು ಕಟ್ಟಿದರು. ಸತ್ತದ್ದಕ್ಕೆ ಅಷ್ಟೊಂದು ಸಂತೋಷವೇ! ಈ ಪ್ರಯೋಗ ತಪ್ಪೆಂದು ಅವರ ಮಗನಿಗೆ ತಿಳಿಸಲು ನಾನೇ ಖುದ್ದಾಗಿ ಹೋಗಿದ್ದೆ. ಆತ ತಲೆ ಬೋಳಿಸಿಕೊಂಡು ಕೂತಿದ್ದ. ನನ್ನ ವಿವರಣೆಯನ್ನೆಲ್ಲ ಕೇಳಿ, ಎದ್ದು ಬಾಗಿಲು ಹಾಕಿಕೊಂಡ.

ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿದೆ. ಈ ಊರಿನಲ್ಲಿ ಅರ್ಧ ಜನ ಹಕಾರವನ್ನೇ ಬಿಟ್ಟುಬಿಟ್ಟಿದ್ದಾರೆ. ಹಾಲು ಆಲಾಗಿದೆ, ಹಣ್ಣು ಅಣ್ಣಾಗಿದೆ. ಇದು ನನ್ನ ಸ್ವಂತ ದುಃಖ ಕೂಡ, ಏಕೆಂದರೆ ನನ್ನ ಹೆಸರು ಹರಿಯಪ್ಪ. ಹಕಾರ ಕಿತ್ತು ನೋಡಿ, ಅರಿಯಪ್ಪ! ಏನನ್ನೂ ಅರಿಯದ ಅಪ್ಪ! ಹುಟ್ಟಿದಾಗಿನಿಂದ ಹಾಲಿನವರು, ಗ್ಯಾಸಿನವರು, ಸ್ವಂತ ಸೋದರಮಾವ, ಎಲ್ಲರೂ ಬಾಯಿ ತೆರೆದರೆ ನನ್ನನ್ನು ಅವಿವೇಕಿ ಮಾಡುತ್ತಲೇ ಬಂದಿದ್ದಾರೆ. ನಾನೂ ಬಿಡದೆ ತಿದ್ದುತ್ತಲೇ ಬಂದಿದ್ದೇನೆ.

ಇಂಥ ನನಗೆ ದೇವರು ಎಂಥ ಬೀಗರನ್ನು ಕೊಡಬೇಕು ಹೇಳಿ? ಹನುಮಂತರಾಯಪ್ಪನವರನ್ನು ಕೊಟ್ಟ! ಯಲಹಂಕದಿಂದಾಚೆ, ರಾಜಾನುಕುಂಟೆ ಕಡೆಯವರು. ಮೊದಲ ಸಲ ನಮ್ಮ ಮನೆಗೆ ಬಂದಾಗ ಅವರು ಕೈಮುಗಿದು ಹೇಳಿದ್ದು, "ನಾನು ಅನ್ಮಂತರಾಯಪ್ಪ ಅಂತ."

ನನ್ನ ಮಗಳು ಹರ್ಷಿತ, ಅವರ ಮಗ ಕಿರಣ, ಇಬ್ಬರೂ ಹೆಬ್ಬಾಳದ ಹತ್ತಿರ ಒಂದೇ ಆಫೀಸಿನಲ್ಲಿ ಕೆಲಸ ಮಾಡುತ್ತಾರೆ. ಅವರೇ ಒಪ್ಪಿಕೊಂಡು ನಮಗೆ ಆಮೇಲೆ ತಿಳಿಸಿದ್ದು. ಹುಡುಗ ಚಿನ್ನದಂಥವನು. ಹುಡುಗನ ಅಪ್ಪನೂ ಒಳ್ಳೆಯ ಮನುಷ್ಯ, ಆದರೆ ಮಾತು ಖಡಾಖಂಡಿತ. ಅಂದು ಸೋಫಾದ ತುದಿಯಲ್ಲಿ ಕೂತು ಅವರು ಹೇಳಿದರು, "ನೋಡ್ರಿ, ನಂದು ಒಂದೇ ಮಾತು. ಅಣದ ಇಸ್ಯ ಯಾರೂ ಎತ್ತಂಗಿಲ್ಲ. ನನ್ ತಂಗಿ ಮದ್ವೇಲಿ ನಮ್ಮಪ್ಪ ವರದಕ್ಷಿಣೆ ಒಂದ್ಸಕ್ಕೋಗಿ ಒಲ ಕಳ್ಕಂಡ. ಅದುನ್ನ ನೋಡ್ಕಂಡು ಬೆಳ್ದೋನು ನಾನು. ಓದ್ ವರ್ಸ ಒಬ್ರು ಎಣ್ಣಿನ್ ಕಡೇರು ಕಾರ್ ಕೊಡ್ತೀವಿ ಅಂದ್ರು. ಊಟದ್ ಎಲೆ ಮುಂದಿಂದ ಎದ್ದು ಬಂದ್ಬುಟ್ಟೆ."

ಆಮೇಲೆ ನನ್ನ ಕಡೆ ತಿರುಗಿ, "ಈಗ ನೀವು ಏಳಿ" ಎಂದರು.

ನಾನು ಎದ್ದು ನಿಂತೆ.

"ಏಳಿ, ಏಳಿ, ಸಂಕೋಚ ಬ್ಯಾಡ" ಎಂದರು ಅವರು. ನಾನು ಇನ್ನೂ ಎಷ್ಟು ಏಳಲಿ? ಮನೆಯ ತಾರಸಿಗೆ ಹೋಗಲೇ? ನನ್ನ ಹೆಂಡತಿ ಸುಮಿತ್ರ ಪಂಚೆ ಹಿಡಿದೆಳೆದು ಕೂರಿಸಿ, "ಹೇಳಿ ಅಂತಿದಾರೆ ಕಣ್ರೀ" ಎಂದು ಕಿವಿಯಲ್ಲಿ ಪಿಸುಗುಟ್ಟಿದಳು. ತಿದ್ದುವ ಮಾತು ಆಗಲೇ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹರ್ಷಿತ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಣ್ಣಲ್ಲೇ ಬೇಡವೆಂದಳು.

ಅವರು ಹೋದ ಮೇಲೆ ಅವಳು ಬಂದು ನನ್ನ ಪಕ್ಕ ಕೂತಳು. "ಅಪ್ಪಾ, ನಿಶ್ಚಿತಾರ್ಥದ ದಿನ ಯಾರ ಮಾತನ್ನೂ ತಿದ್ದಲ್ಲ ಅಂತ ಮಾತ್ ಕೊಡು. ಒಂದೇ ಒಂದ್ ದಿನ."

"ನಾನೇನು ಬೇಕೂಂತ ತಿದ್ತೀನಾ? ನಿನ್ನ ಹೆಸರನ್ನ ಅರ್ಸಿತ ಅಂತಾರಲ್ಲೇ! ಹರ್ಷವೇ ಹೋಯಿತಲ್ಲ!"

"ಅವ್ರು ಹಾಗೆ ಕರೆದ್ರೆ ನಂಗಿಷ್ಟ ಅಪ್ಪಾ. ನೀನು ಎಲ್ಲರ ಮುಂದೆ ಅವ್ರನ್ನ ತಿದ್ದಿ, ಅವ್ರಿಗೆ ಅವಮಾನ ಆಗಿ, ಎದ್ದು ಹೋದ್ರೆ? ಅವ್ರು ಎದ್ದು ಹೋಗೋರು ಅಂತ ಗೊತ್ತಾಯ್ತಲ್ಲ." ಅವಳ ಕಣ್ಣು ತುಂಬಿ ಬಂತು. ನನ್ನ ಮಗಳು ಸುಮ್ಮಸುಮ್ಮನೆ ಅಳುವವಳಲ್ಲ. ನಾನು ಅವಳ ಕೈಮೇಲೆ ಕೈಯಿಟ್ಟು ಮಾತು ಕೊಟ್ಟೆ. ಹಣದ ಮಾತು ಎತ್ತುವುದಿಲ್ಲ, ಹಕಾರದ ಮಾತೂ ಎತ್ತುವುದಿಲ್ಲ. ಎರಡೂ ಭದ್ರ!

ಮಾತಿನಲ್ಲಿ ತಿದ್ದುವಂತಿಲ್ಲ, ಸರಿ. ಬರವಣಿಗೆಯಲ್ಲಿ ಮಾದರಿ ತೋರಿಸಬಹುದಲ್ಲ? ನಿಶ್ಚಿತಾರ್ಥ ನಮ್ಮ ಮನೆಯ ಮುಂದೆಯೇ, ಶಾಮಿಯಾನ ಹಾಕಿಸಿ ಮಾಡುವುದೆಂದು ನಿಶ್ಚಯವಾಗಿತ್ತು. ಗೇಟಿನ ಮೇಲೆ ಒಂದು ಫ್ಲೆಕ್ಸ್ ಕಟ್ಟಿಸಿ, ಅದರಲ್ಲಿ 'ವರನ ಕಡೆಯವರಿಗೆ ಹಾರ್ದಿಕ ಸ್ವಾಗತ' ಎಂದು ದಪ್ಪಕ್ಷರದಲ್ಲಿ ಬರೆಸಬೇಕು. ಆ ಪದ ಅದರ ನಿಜವಾದ ಅರ್ಥದಲ್ಲಿ, ಸರಿಯಾದ ಕಾಗುಣಿತದಲ್ಲಿ, ಈ ಬಡಾವಣೆಯಲ್ಲಿ ಒಮ್ಮೆಯಾದರೂ ತೂಗಬೇಕು!

"ಫ್ಲೆಕ್ಸ್ ಯಾಕ್ರೀ? ಗೇಟಲ್ಲಿ ನಿಂತ್ಕೊಂಡು ಬಾಯ್ತುಂಬ ಬನ್ನಿ ಅಂದ್ರೆ ಸಾಲ್ದಾ?" ಎಂದಳು ಸುಮಿತ್ರ.

"ಬನ್ನಿ ಅಂತ ಬಸ್ ಕಂಡಕ್ಟರೂ ಅಂತಾನೆ. ಅದ್ರಲ್ಲಿ ಹೃದಯ ಎಲ್ಲಿದೆ?"

ಪಕ್ಕದ ಮನೆಯ ಖಲೀಲ್ ಸಾಹೇಬರು ಕಾಂಪೌಂಡಿನ ಆಚೆಯಿಂದ ಇದನ್ನು ಕೇಳಿಸಿಕೊಳ್ಳುತ್ತಿದ್ದರು. ನಾವು ಇಬ್ಬರೂ ಈ ರಸ್ತೆಗೆ ಬಂದು ಒಂದು ಆಯುಷ್ಯವೇ ಆಗಿದೆ. "ನಮ್ಮನೇಲಿ 'ಆವ್ ಜೀ, ಆವ್' ಅಂತೀವಿ ಸಾರ್. ಬಂದವ್ರು ಬಿರಿಯಾನಿ ಕಡೆ ನೋಡ್ತಾರೆ, ಬೋರ್ಡ್ ಯಾರ್ ನೋಡ್ತಾರೆ?" ಎಂದರು. ಭಾಷೆಯ ಸೂಕ್ಷ್ಮ ತಿಳಿಯದವರ ಜತೆ ವಾದ ಬೇಡವೆಂದು ನಾನು ಮುಖ್ಯರಸ್ತೆಯ ಕಡೆ ಹೊರಟೆ.

ಮುಖ್ಯರಸ್ತೆಯಲ್ಲಿ ಮಂಜನ ಫ್ಲೆಕ್ಸ್ ಅಂಗಡಿ ಇದೆ. ಈ ಮಂಜನನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿ. ಅಂಗಡಿಗೆ ಕಾಲಿಡುವ ಮೊದಲೇ "ಬನ್ನಿ ಗುರುಗಳೇ! ಏನಣ್ಣಾ, ಏನ್ ಸಮಾಚಾರ ಬಾಸ್!" ಎಂದು ಒಂದೇ ಉಸಿರಿನಲ್ಲಿ ನನ್ನನ್ನು ಗುರು, ಅಣ್ಣ, ಯಜಮಾನ ಮೂರೂ ಮಾಡಿಬಿಡುತ್ತಾನೆ. ಹೆಸರು ಮಾತ್ರ ನೆನಪಿರುವುದಿಲ್ಲ. ಬರೆಯಬೇಕಾದದ್ದನ್ನು ಹೇಳಿ ಮನೆಗೆ ಬಂದೆ. ಸಂಜೆ ವಾಟ್ಸಾಪಿನಲ್ಲಿ ಮಾದರಿ ಕಳಿಸಿದ. ಹೂವು ಇತ್ತು, ಗಣಪತಿ ಇದ್ದ, ಎರಡು ನವಿಲೂ ಇದ್ದವು. ನಡುವೆ 'ವರನ ಕಡೆಯವರಿಗೆ ಆರ್ದಿಕ ಸ್ವಾಗತ'!

ನನಗೆ ರಕ್ತ ಕುದಿಯಿತು. ತಕ್ಷಣ ಫೋನು ಮಾಡಿದೆ.

"ಏನ್ರೀ ಮಂಜುನಾಥ್, ಆರ್ದಿಕ ಅಂತ ಮಾಡಿದ್ದೀರಲ್ಲ! ಹ ಎಲ್ಲಿ? ಹ! ಹ! ಹಾರ್ದಿಕ!"

"ಯಾಕಣ್ಣಾ ನಗ್ತೀರಾ?"

"ನಗ್ತಿಲ್ಲ ಕಣ್ರೀ, ಕೋಪ ಬಂದಿದೆ! ಹ ಹಾಕಿ ಅಂತಿದೀನಿ. ಹ! ಹ!"

"ಆಯ್ತು ಬಿಡಿ ಬಾಸ್, ನೀವ್ ಏಳ್ದಂಗೇ ಆಕ್ತೀನಿ" ಎಂದ.

ಹೇಳಿದ ಹಾಗೆಯೇ ಹಾಕಿದ. ಮುಂದಿನ ಮಾದರಿ ಬಂತು: 'ವರನ ಕಡೆಯವರಿಗೆ ಹ ಹ ಹಾರ್ದಿಕ ಸ್ವಾಗತ'. ಬೀಗರನ್ನು ನೋಡಿ ಗೇಟೇ ನಕ್ಕ ಹಾಗೆ! ಸುಮಿತ್ರ ಅದನ್ನು ನೋಡಿ, "ಇದೇ ಇರ್ಲಿ ಬಿಡ್ರೀ, ಮನೆಯೋರ ಸ್ವಭಾವ ಮೊದ್ಲೇ ಗೊತ್ತಾಗತ್ತೆ" ಎಂದಳು. ನಾನು ಚಪ್ಪಲಿ ಮೆಟ್ಟಿಕೊಂಡು ನೇರವಾಗಿ ಅಂಗಡಿಗೆ ನಡೆದೆ.

ಮಂಜನ ಎದುರಿಗೆ ಸ್ಟೂಲು ಹಾಕಿಕೊಂಡು ಕೂತು, ಆ ಪದದ ಹುಟ್ಟಿನಿಂದ ಶುರು ಮಾಡಿದೆ. "ನೋಡಿ, ಯಾವ ಪದವನ್ನೂ ಅರ್ಥ ತಿಳಿಯದೆ ಬರೀಬಾರದು. ಅರ್ಥ ಮುಖ್ಯ. ಅರ್ಥ ಬಿಟ್ಟರೆ ಪದಕ್ಕೆ ಏನೂ ಬೆಲೆ ಇಲ್ಲ. ಈ ಸ್ವಾಗತದಲ್ಲಿ ದೊಡ್ಡ ಅರ್ಥ ಇದೆ..." ಹೀಗೆ ಬಹಳ ಹೊತ್ತು ಹೇಳಿದೆ. ಆ ಹೊತ್ತಿಗೆ ಅಂಗಡಿಗೆ ಬಂದ ಗಿರಾಕಿಗಳು ವಾಪಸು ಹೋದರು. ಮಂಜ ಕೀಬೋರ್ಡಿನ ಮೇಲೆ ಬೆರಳಿಟ್ಟುಕೊಂಡು ಹ್ಞೂಂಗುಟ್ಟುತ್ತಿದ್ದ. ಕೊನೆಗೆ, "ಈಗ ಗೊತ್ತಾಯ್ತು ಗುರುಗಳೇ, ನಿಮ್ ಪಾಯಿಂಟ್ ಇಡ್ಕೊಂಡೆ" ಎಂದ. ಒಬ್ಬನನ್ನಾದರೂ ಕತ್ತಲೆಯಿಂದ ಬೆಳಕಿಗೆ ತಂದೆನಲ್ಲ ಎಂಬ ತೃಪ್ತಿಯಿಂದ ಮನೆಗೆ ಬಂದೆ.

ಅಂತಿಮ ಮಾದರಿ ಮರುದಿನ ನಾನು ಹೂವಿನ ಅಂಗಡಿಯಲ್ಲಿದ್ದಾಗ ಬಂತು. ಫೋನಿನಲ್ಲಿ ತೆರೆದುಕೊಳ್ಳಲೇ ಇಲ್ಲ. ಜಾಗ ತುಂಬಿಹೋಗಿದೆ ಎಂದು ಬರುತ್ತಿತ್ತು. ತುಂಬಿದ್ದೇನು? ನೆಂಟರಿಷ್ಟರು ಪ್ರತಿದಿನ ಬೆಳಗಾಗುವ ಮೊದಲೇ ಕಳಿಸುವ 'ಹಾರ್ದಿಕ ಶುಭೋದಯ'ಗಳು! ಗುಲಾಬಿ ಹೂವು, ಕಾಫಿ ಲೋಟ, ಉದಯಿಸುವ ಸೂರ್ಯ. ಮುಖಾಮುಖಿ ಸಿಕ್ಕರೆ ರಸ್ತೆಯ ಆಚೆ ಬದಿಗೆ ದಾಟಿಹೋಗುವವರೆಲ್ಲ ಫೋನಿನಲ್ಲಿ ಹೃದಯ ಕಿತ್ತು ಕೊಡುತ್ತಾರೆ. ಇರಲಿ, ಅಷ್ಟು ಹೊತ್ತು ಪಾಠ ಹೇಳಿದ ಮೇಲೆ ಇನ್ನೇನು ತಪ್ಪಿರುತ್ತದೆ ಎಂದು ನೋಡದೆಯೇ ಹೆಬ್ಬೆರಳೆತ್ತಿ ಒಪ್ಪಿಗೆ ಕಳಿಸಿದೆ. ಜೀವಮಾನವೆಲ್ಲ ಕರಡು ನೋಡಿದವನು, ನೋಡಬೇಕಾದ ಒಂದೇ ಕರಡನ್ನು ನೋಡಲಿಲ್ಲ.

ನಿಶ್ಚಿತಾರ್ಥದ ದಿನ ಫ್ಲೆಕ್ಸ್ ಸುರುಳಿಯಾಗಿ ಬಂತು. ನಾನು ರೇಷ್ಮೆ ಪಂಚೆ ಉಟ್ಟು, ಶಲ್ಯ ಹೊದ್ದು ಸಿದ್ಧನಾಗಿದ್ದೆ. ಹೆಂಗಸರಿಗೆಲ್ಲ ಕಟ್ಟಪ್ಪಣೆ ಮಾಡಿದ್ದೆ: ಬೀಗರು ಬಂದರೆಂದು ಯಾರೂ ಹೊರಗೆ ನುಗ್ಗಬಾರದು. ಮೊದಲು ಅವರು ಗೇಟಿನಲ್ಲಿ ನಿಂತು ಫ್ಲೆಕ್ಸ್ ಓದಬೇಕು. ಆಮೇಲೆ ನಾನು ಕೂಗುತ್ತೇನೆ. ಆಗ ಆರತಿ ತಟ್ಟೆ ಹಿಡಿದು ಬರತಕ್ಕದ್ದು.

ಖಲೀಲ್ ಸಾಹೇಬರು ತಮ್ಮ ಮನೆಯ ಏಣಿ ತಂದು ಹಿಡಿದುಕೊಂಡರು. ನಾನು ಹತ್ತಿ, ಮೇಲಿನ ಹಗ್ಗ ಬಿಗಿದು, ಸುರುಳಿಯನ್ನು ಬಿಟ್ಟೆ. ಅದು ಪರದೆಯ ಹಾಗೆ ಬಿಚ್ಚಿಕೊಂಡಿತು. ಮೇಲಿದ್ದ ನನಗೆ ಅಕ್ಷರ ಕಾಣಿಸಲಿಲ್ಲ. ಕೆಳಗಿದ್ದ ಸಾಹೇಬರು ಕನ್ನಡಕ ಸರಿಮಾಡಿಕೊಂಡು ನಿಧಾನವಾಗಿ ಓದಿದರು.

"ವರನ ಕಡೆಯವರಿಗೆ... ಆರ್ಥಿಕ ಸ್ವಾಗತ." ಸ್ವಲ್ಪ ಯೋಚಿಸಿ ಕೇಳಿದರು, "ಏನ್ ಸಾರ್ ಇದು, ಬ್ಯಾಂಕಿನ ಸ್ಕೀಮಾ?"

ನಾನು ಏಣಿಯಿಂದಲೇ ಬಗ್ಗಿ ನೋಡಿದೆ. ಹೌದು. ಆರ್ಥಿಕ! ಗೇಣುದ್ದದ ಕೆಂಪು ಅಕ್ಷರಗಳು, ಸುತ್ತ ಚಿನ್ನದ ಬಣ್ಣದ ಅಂಚು. ಕೆಳಗೆ ಎರಡೂ ನವಿಲುಗಳು ದುಡ್ಡು ಎಣಿಸಲು ಕಾದು ನಿಂತ ಹಾಗೆ ಕಂಡವು. ಹಣದ ಹೆಸರೆತ್ತಿದರೆ ಎಲೆಯ ಮುಂದಿನಿಂದ ಎದ್ದುಹೋಗುವ ಮನುಷ್ಯನಿಗೆ ನಾನು ಗೇಟಿನಲ್ಲೇ ಆರ್ಥಿಕ ಸ್ವಾಗತ ಕಟ್ಟಿದ್ದೆ!

ಬಿಚ್ಚೋಣವೆಂದರೆ ಗಂಟು ನಾನೇ ಹಾಕಿದ್ದು, ಭದ್ರವಾಗಿತ್ತು. ಅಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ಹಾರನ್ ಕೇಳಿಸಿತು. ಬೀಗರ ಟೆಂಪೋ ಟ್ರಾವೆಲರ್!

ನಾನು ಶಲ್ಯ ತೆಗೆದು ಆ ಪದದ ಮೇಲೆ ಇಳಿಬಿಟ್ಟು ಒಂದು ಕೈಯಲ್ಲಿ ಹಿಡಿದುಕೊಂಡೆ. ಇನ್ನೊಂದು ಕೈಯಲ್ಲಿ ಏಣಿ. ಬೀಗರು, ಬೀಗಿತ್ತಿ, ಹುಡುಗ, ಹುಡುಗನ ಸೋದರಮಾವ, ಕಂಕುಳಲ್ಲಿ ಕೂಸು ಎತ್ತಿಕೊಂಡ ಅಕ್ಕ, ಎಲ್ಲರೂ ಇಳಿದು ಬಿಸಿಲಿನಲ್ಲಿ ಸಾಲಾಗಿ ನಿಂತರು. ಹಣ್ಣಿನ ತಟ್ಟೆಗಳು ಅವರ ಕೈಯಲ್ಲಿದ್ದವು.

"ಏನ್ ಅರಿಯಪ್ನೋರೇ, ಏಣಿ ಅತ್ತೀರಿ?" ಎಂದರು ಹನುಮಂತರಾಯಪ್ಪ, ನಗುನಗುತ್ತಲೇ.

"ಸುಮ್ನೆ. ಮೇಲೆ ಗಾಳಿ ಚೆನ್ನಾಗಿದೆ" ಎಂದೆ.

ಅವರಿಗೆ ಏನೂ ಅನುಮಾನ ಬಂದಿರಲಿಲ್ಲ. ಈಗ ಯೋಚಿಸಿದರೆ, ಆ ಫ್ಲೆಕ್ಸನ್ನು ಅವರಲ್ಲಿ ಒಬ್ಬರೂ ತಲೆಯೆತ್ತಿ ನೋಡಿರಲಿಲ್ಲ. ನಾನು ಇಳಿದು, ಕೈಮುಗಿದು, ಒಳಗೆ ಕರೆದೊಯ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನಾನು ಇಳಿದರೆ ಶಲ್ಯವೂ ಇಳಿಯುತ್ತಿತ್ತು. ಅವರು ಕೆಳಗೆ ನಿಂತರು, ನಾನು ಮೇಲೆ ನಿಂತೆ. ಎರಡೂ ಕಡೆಯವರು ನಗುತ್ತ ನಿಂತೆವು. ಕಂಕುಳಲ್ಲಿದ್ದ ಕೂಸು ಮಾತ್ರ ಅಳಲು ಶುರು ಮಾಡಿತು.

ಆಗ ನನ್ನ ಫೋನು ಬಡಿದುಕೊಂಡಿತು. ಏಣಿ ಹಿಡಿದಿದ್ದ ಕೈಬಿಟ್ಟು ಜೇಬಿನಿಂದ ತೆಗೆದು ನೋಡಿದರೆ, ಮಂಜ!

"ಅಣ್ಣಾ! ಫ್ಲೆಕ್ಸ್ ಸೂಪರಾಗ್ ಬಂದಿದ್ಯಾ? ಒಂದ್ ಫೋಟೋ ಒಡ್ದು ಕಳ್ಸಿ ಬಾಸ್, ಸ್ಟೇಟಸ್‌ಗೆ ಆಕ್ಕೋತೀನಿ!"

ಸ್ವಾಮಿ, ಮನುಷ್ಯನ ತಾಳ್ಮೆಗೂ ಒಂದು ಮಿತಿ ಇದೆ. "ಸೂಪರಾ? ಆರ್ಥಿಕ ಅಂತ ಮಾಡಿದ್ದೀಯಲ್ಲೋ!" ಎಂದು ಕಿರುಚಿದೆ.

"ನೀವೇ ತಾನೇ ಅಣ್ಣಾ ಅಂಗ್ಡೀಲಿ ಕೂತ್ಕೊಂಡು ಅರ್ಥ, ಅರ್ಥ ಅಂತ ಬಡ್ಕೊಂಡಿದ್ದು? ಅರ್ಥ ಇರ್ಬೇಕು ಅಂದ್ರಿ, ಆಕ್ದೆ. ನಿಶ್ಚಿತಾರ್ಥಕ್ಕೆ ಆರ್ಥಿಕ, ಮ್ಯಾಚಿಂಗೂ ಆಯ್ತು!"

ಇಷ್ಟು ದಿನ ಅದುಮಿಟ್ಟದ್ದೆಲ್ಲ ಒಟ್ಟಿಗೆ ಬಾಯಿಗೆ ಬಂತು. ಏಣಿಯ ಮೇಲಿಂದ ಇಡೀ ರಸ್ತೆಗೆ ಕೇಳುವ ಹಾಗೆ ಕೂಗಿದೆ. "ಹಾರ್ದಿಕ ಕಣೋ, ಹಾರ್ದಿಕ! ಹ ಅನ್ನೋ ಒಂದಕ್ಷರ ಹೊರಡಿಸೋಕಾಗದ ಜನ ನೀವು! ಹ ಅನ್ನೋಕೆ ಉಸಿರಿಲ್ಲ ಅಂದ್ಮೇಲೆ ಬಾಯಿ ಯಾಕ್ ತೆಗೀಬೇಕು? ಹಕಾರ ಬಾರದವರ ನಾಲಿಗೆಗೆಲ್ಲ ಬರೆ ಹಾಕಬೇಕು!"

ಹೀಗೆ ಕೂಗುವಾಗ ಕೈ ಬೀಸಿದೆ ಎಂದು ಕಾಣುತ್ತದೆ. ಏಕೆಂದರೆ ಶಲ್ಯ ಹಾರಿಹೋಗಿ ಬೀಗಿತ್ತಿಯವರ ಹಣ್ಣಿನ ತಟ್ಟೆಯ ಮೇಲೆ ಬಿತ್ತು.

ಕೂಸು ಅಳು ನಿಲ್ಲಿಸಿ ನನ್ನನ್ನು ನೋಡಿತು. ಹನುಮಂತರಾಯಪ್ಪನವರ ಮುಖದಲ್ಲಿದ್ದ ನಗು ಹೋಗಿತ್ತು. ಅವರು ಆಗ ತಲೆಯೆತ್ತಿ, ಒಂದೊಂದೇ ಅಕ್ಷರ ಕೂಡಿಸಿ ಓದಿದರು. "ವರನ ಕಡೆಯವರಿಗೆ... ಆರ್ತಿಕ ಸ್ವಾಗತ." ಆಮೇಲೆ ಭಾವಮೈದುನನ ಕಡೆ ತಿರುಗಿ ಕೇಳಿದರು, "ಅಂಗಂದ್ರೆ ಏನ್ಲಾ?"

ಸೋದರಮಾವ ಮೆಲ್ಲಗೆ ಹೇಳಿದರು, "ದುಡ್ಡಿಂದು ಅಂತ ಭಾವ."

"ನಾವ್ ದುಡ್ಡಿಗ್ ಬಂದೋರು ಅಂತ ಬೋರ್ಡ್ ಆಕ್ಸವ್ರಾ?"

"ಅಯ್ಯೋ, ಇಲ್ಲ ಇಲ್ಲ!" ಎಂದು ನಾನು ಬೇಡಿಕೊಂಡೆ. "ಅದು ಹಾರ್ದಿಕ. ಪ್ರೀತಿಯ ಪದ. ಅದರಲ್ಲಿ ಹ ಬಿಟ್ಟುಹೋಗಿದೆ, ಅಷ್ಟೇ!"

"ನಮ್ಗೂ ಅದು ಉಟ್ಟಿದಾಗ್ಲೇ ಬುಟ್ಟೋಗೈತೆ" ಎಂದರು ಅವರು. "ನಮ್ ನಾಲ್ಗೇಗೂ ಬರೆ ಆಕ್ತೀರಾ? ಕಿರಣ, ಡ್ರೈವರ್ಗೆ ಏಳು, ಗಾಡಿ ತಿರುಗುಸ್ಲಿ."

ಎರಡು ಮಾತು ಕೊಟ್ಟಿದ್ದೆ. ಎರಡನ್ನೂ ಒಂದೇ ಏಣಿಯ ಮೇಲೆ ನಿಂತು ಮುರಿದಿದ್ದೆ! ತಲೆ ತಿರುಗಿಸಿ ನೋಡಿದರೆ ಬಾಗಿಲಲ್ಲಿ ಹರ್ಷಿತ ನಿಂತಿದ್ದಳು. ಹಸಿರು ಸೀರೆ, ಮುಡಿ ತುಂಬ ಮಲ್ಲಿಗೆ. ಅವಳು ಅಳುತ್ತಿರಲಿಲ್ಲ, ಬೈಯುತ್ತಿರಲಿಲ್ಲ, ಸುಮ್ಮನೆ ನನ್ನನ್ನು ನೋಡುತ್ತಿದ್ದಳು. ನನಗೆ ಹೆದರಿಕೆಯಾಯಿತು. ನಿಜವಾಗಿ ಹೇಳುತ್ತೇನೆ, ಏಣಿಯಿಂದ ಬಿದ್ದುಬಿಟ್ಟರೆ ಎಲ್ಲರ ಗಮನವಾದರೂ ಬೇರೆಡೆಗೆ ಹೋದೀತು ಎಂದುಕೊಂಡೆ. ಖಲೀಲ್ ಸಾಹೇಬರು ಏಣಿಯನ್ನು ಬಿಗಿಯಾಗಿ ಹಿಡಿದಿದ್ದರು.

ಆಗ ಮಗಳ ಪಕ್ಕದಿಂದ ಸುಮಿತ್ರ ಹೊರಗೆ ಬಂದಳು. ಕೈಯಲ್ಲಿ ಆರತಿ ತಟ್ಟೆ ಇರಲಿಲ್ಲ. ನೀರಿನ ಚೊಂಬು ಇತ್ತು.

"ಅಯ್ಯೋ ರಾಮ, ಇದೇನಿದು, ಬಿಸ್ಲಲ್ಲಿ ನಿಂತಿದೀರಾ! ಕರೀಲೇ ಇಲ್ವಾ ಇವ್ರು? ಬನ್ನಿ ಬನ್ನಿ. ಅತ್ತಿಗೆ, ಬನ್ನಿ. ಕೊಡಮ್ಮ ಕೂಸನ್ನ, ನೋಡು ಹೇಗ್ ಬೆವ್ತಿದೆ. ಅಣ್ಣಾವ್ರೇ, ಅವ್ರ ಮಾತಿಗೆ ಯಾಕ್ ಹೋಗ್ತೀರಾ? ನಾನು ಮದ್ವೆಯಾಗಿ ಬಂದ ದಿನದಿಂದ ಕೇಳ್ತಿದೀನಿ, ಇನ್ನೂ ಬದುಕಿಲ್ವಾ? ಕೈಕಾಲು ತೊಳ್ಕೊಳಿ, ಮಜ್ಜಿಗೆ ತರ್ತೀನಿ. ಬನ್ನಿ."

ಅಕ್ಕ ಕೂಸನ್ನು ಅವಳ ಕೈಗೆ ದಾಟಿಸಿಯೇ ಬಿಟ್ಟಳು. ಬೀಗಿತ್ತಿ ಒಳಗೆ ಹೋದರು. ಹಣ್ಣಿನ ತಟ್ಟೆಗಳು ಹೋದವು. ಕಿರಣ ಡ್ರೈವರಿಗೆ ಏನನ್ನೂ ಹೇಳದೆ ಹರ್ಷಿತಳ ಕಡೆ ನಡೆದ. ಫ್ಲೆಕ್ಸಿನ ಕೆಳಗೆ ಎಲ್ಲರೂ ದಾಟಿ ಹೋದರು. ಉಳಿದವರು ಹನುಮಂತರಾಯಪ್ಪ ಒಬ್ಬರೇ. ಅವರು ಸೊಂಟದ ಮೇಲೆ ಕೈಯಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು.

"ಇಳೀರಿ ಕೆಳಿಕ್ಕೆ" ಎಂದರು.

ಇಳಿದೆ.

"ಈಯಮ್ಮ ಕರುದ್ರು, ನಮ್ಮೋರೆಲ್ಲ ಓದ್ರು. ನಂಗೆ ಎಣ್ಣಿನ್ ತಂದೆ ಕರೀಬೇಕು. ಕರೀರಿ ನೋಡಾಣ. ಬೋರ್ಡ್ ಇಲ್ದಂಗೆ."

ಜೀವಮಾನದಲ್ಲಿ ನಾನು ತಿದ್ದಿದ ಪುಟಗಳೆಲ್ಲ ನೆನಪಿಗೆ ಬಂದವು. ಸುಸ್ವಾಗತ, ಸಹೃದಯ, ಆದರಪೂರ್ವಕ, ಒಂದೂ ಗಂಟಲಿನಿಂದ ಮೇಲಕ್ಕೆ ಬರಲಿಲ್ಲ. ಬಾಗಿಲಲ್ಲಿ ಮಗಳು ಇನ್ನೂ ನಿಂತಿದ್ದಳು. ನಾನು ಎರಡೂ ಕೈಯಿಂದ ಅವರ ಕೈ ಹಿಡಿದುಕೊಂಡು, ಇದ್ದ ಉಸಿರನ್ನೆಲ್ಲ ಕೂಡಿಸಿ ಹೇಳಿದೆ.

"ಬನ್ನಿ ಅನ್ಮಂತರಾಯಪ್ನೋರೇ. ಒಳಗ್ ಓಗೋಣ."

ಹೇಳಿದ ಮೇಲೆ ನನಗೇ ಕೇಳಿಸಿತು. ಎರಡು ಹಕಾರ! ಎರಡೂ ನಾಪತ್ತೆ!

ಧೂಳು ಗಂಟಲಿಗೆ ಸಿಕ್ಕಿಕೊಂಡಿತ್ತು ಎಂದು ನಾನು ಇಂದಿಗೂ ವಾದಿಸುತ್ತೇನೆ. ಭಯಕ್ಕೆ ಉಸಿರು ಸಾಲದೆ ಹೋಗಿರಲೂಬಹುದು. ಆದರೆ ಹನುಮಂತರಾಯಪ್ಪನವರು ಒಂದು ಗಳಿಗೆ ನನ್ನ ಮುಖ ನೋಡಿ, ಏಣಿ ಹಿಡಿದು ನಿಂತಿದ್ದ ಖಲೀಲ್ ಸಾಹೇಬರ ಮುಖ ನೋಡಿ, ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದರು. "ಈಗ್ ಸರ್ಯಾಗ್ ಕರುದ್ರಿ! ನಡೀರಿ, ನಡೀರಿ" ಎಂದು ನನ್ನ ಹೆಗಲ ಮೇಲೆ ಕೈಹಾಕಿ, ನನ್ನ ಮನೆಯೊಳಕ್ಕೆ ನನ್ನನ್ನೇ ಕರೆದುಕೊಂಡು ಹೋದರು. ನಿಶ್ಚಿತಾರ್ಥ ನಿಶ್ಚಿಂತೆಯಿಂದ ನಡೆಯಿತು. ಅಂದು ಬೇಳೆ ಒಬ್ಬಟ್ಟನ್ನು ಅವರು 'ಓಳ್ಗೆ' ಎಂದು ಬಾಯಿ ಚಪ್ಪರಿಸಿದರು. ನಾನು ತಿದ್ದಲಿಲ್ಲ. ಹರ್ಷಿತ ಅದನ್ನು ಗಮನಿಸಿ, ನನ್ನ ಎಲೆಗೆ ಇನ್ನೊಂದು ಬಡಿಸಿದಳು.

ಆ ಫ್ಲೆಕ್ಸ್ ಈಗ ನಮ್ಮ ತಾರಸಿಯ ಮೇಲಿದೆ. ಸುಮಿತ್ರ ಅದರ ಮೇಲೆ ಸಂಡಿಗೆ ಒಣಗಿಸುತ್ತಾಳೆ. ಕಾಗೆಗಳು ಮಾತ್ರ ಆ ಆರ್ಥಿಕ ಸ್ವಾಗತವನ್ನು ಮನಸಾರೆ ಸ್ವೀಕರಿಸಿವೆ.

ಇಷ್ಟಾದರೂ ನನ್ನ ಸಿದ್ಧಾಂತದಲ್ಲಿ ಬದಲಾವಣೆ ಇಲ್ಲ! ತಪ್ಪು ಮಂಜನದು. ಅದನ್ನು ಸಾಧಿಸಿ ತೋರಿಸಲೆಂದೇ ಮದುವೆಯ ಲಗ್ನಪತ್ರಿಕೆಯನ್ನು ಬೇರೆ ಮುದ್ರಣಾಲಯದಲ್ಲಿ, ಅತ್ಯಂತ ಶಿಸ್ತಿನ ಜನರ ಹತ್ತಿರ ಅಚ್ಚು ಹಾಕಿಸಿದೆ. 'ಹಾರ್ದಿಕ' ಎಂಬ ಪದವನ್ನು ಹಟದಿಂದ ಸೇರಿಸಿದೆ. ಕರಡು ಬಂದಾಗ ಭೂತಗನ್ನಡಿ ಹಿಡಿದು ಕೂತೆ. ಹಾರ್ದಿಕದಲ್ಲಿ ಹ ಇದೆ, ದೀರ್ಘ ಇದೆ, ರ್ದಿ ಇದೆ. ಮತ್ತೆ ಮತ್ತೆ ಅದೇ ಪದ ನೋಡಿದೆ. 'ನೋಡಿದೆ, ಸರಿಯಿದೆ' ಎಂದು ಬರೆದು ಸಹಿ ಹಾಕಿ ಕಳಿಸಿದೆ. ಅಚ್ಚಾಗಿ ಬಂದ ಕೂಡಲೇ ಮೊದಲ ಕಟ್ಟನ್ನು ಬೀಗರ ಮನೆಗೆ ಮುಟ್ಟಿಸಿದೆವು.

ನಿನ್ನೆ ಹನುಮಂತರಾಯಪ್ಪನವರ ಫೋನು ಬಂತು. ಸ್ಪೀಕರಿನಲ್ಲಿ ಹಾಕಿದ್ದೆ. ಸುಮಿತ್ರ ಪಕ್ಕದಲ್ಲೇ ಹುರುಳಿಕಾಯಿ ಸೋಸುತ್ತಿದ್ದಳು.

"ಪತ್ರಿಕೆ ಬಂತು ಬೀಗ್ರೇ! ಬೋ ಚೆಂದಾಗೈತೆ. ಆರ್ದಿಕನೂ ಸರ್ಯಾಗೈತಂತೆ, ನನ್ ಭಾಮೈದ ಓದಿ ಏಳ್ದ. ನಿಮ್ ಎಸ್ರೂ ಈ ಸಲ ನಾವ್ ಕರ್ಯಂಗೇ ಆಕ್ಸಿದ್ದೀರಿ. ಅದು ಕಂಡು ನಂಗೆ ಬೋ ಸಂತೋಸ ಆತು!"

ನಾನು ಪತ್ರಿಕೆಯನ್ನು ತೆಗೆದು ನೋಡಿದೆ. ಹಾರ್ದಿಕ ಸ್ವಾಗತ ನಿಜಕ್ಕೂ ಸರಿಯಾಗಿಯೇ ಇತ್ತು. ಅದರ ಕೆಳಗೆ, 'ತಮ್ಮ ಆಗಮನಾಭಿಲಾಷಿಗಳು: ಶ್ರೀಮತಿ ಸುಮಿತ್ರ ಮತ್ತು ಶ್ರೀ ಅರಿಯಪ್ಪ'.

ಸುಮಿತ್ರ ಬಗ್ಗಿ ಓದಿದಳು. ಹುರುಳಿಕಾಯಿಯ ಮೊರ ಕೆಳಗಿಟ್ಟಳು. ಆಮೇಲೆ ಗೋಡೆಗೆ ಒರಗಿಕೊಂಡು ಗಟ್ಟಿಯಾಗಿ ನಕ್ಕಳು.

"ಹ! ಹ! ಹ! ಹ!"

ಒಂದೊಂದು ಹಕಾರವೂ ಸ್ಪಷ್ಟವಾಗಿತ್ತು. ತಿದ್ದಲು ಏನೂ ಇರಲಿಲ್ಲ.